ಮಠದ ಕೀರ್ದಿ ಪುಸ್ತಕವೂ ಬಿಬಿಎ ಓದುವ ಮಕ್ಕಳೂ



ಪಿಯುಸಿ ಫಲಿತಾಂಶ ಬಂದ ವಾರದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ಸರ್ಕಾರಿ ಇಂಜಿನಿಯರ್ ಆಗಿ ನಿವೃತ್ತನಾದವನಿಗೆ ಮಕ್ಕಳ ಓದಿನ ವಿಷಯವೆಲ್ಲ ತಿಳಿದಿರುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಇನ್ನೂ ಉಳಿದಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಬರುವ ಕರೆಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಸಾಹೇಬ್ರ, ಮಗಳಿಗಿ ಸೈನ್ಸ್ ಆಗಲಿಲ್ರಿ. ದೂರ ಕಳಸಲಾಕ ಆಗಂಗಿಲ್ಲ. ಇಲ್ಲೇ ಕಾಲೇಜಿನಾಗ ಬಿಬಿಎ ಅದ ಅಂತಾರ. ಹಚ್ಚಲೇನ್ರಿ?”

ಈ ಪ್ರಶ್ನೆಯಲ್ಲಿ ಎರಡು ಮಾತುಗಳಿವೆ. ಸೈನ್ಸ್ ಆಗಲಿಲ್ಲ ಎಂಬುದು ಒಂದು. ಅಂದರೆ ಬಿಬಿಎ ಉಳಿದವರ ಪಾಲು. ದೂರ ಕಳಿಸಲು ಆಗುವುದಿಲ್ಲ ಎಂಬುದು ಇನ್ನೊಂದು. ಅಂದರೆ ಹತ್ತಿರದ ಸಣ್ಣ ಕಾಲೇಜು ಇಲ್ಲದಿದ್ದರೆ ಆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು. ಮೊದಲ ಮಾತನ್ನು ತಿದ್ದಬೇಕು, ಎರಡನೆಯ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದು ಹೇಳುವುದು ಈ ಸಂಚಿಕೆಯ ಸಂಪಾದಕೀಯದ ಉದ್ದೇಶ. ಅದರ ಜೊತೆಗೆ ನಮ್ಮ ಮಠಗಳಿಗೂ ಒಂದು ಬಿನ್ನಹವಿದೆ. ಅದು ಕೆಲವರಿಗೆ ರುಚಿಸದಿರಬಹುದು. ಆದರೂ ಹೇಳುತ್ತೇನೆ.

ಕಳೆದ ಫೆಬ್ರವರಿಯಲ್ಲಿ ಆದಿತ್ಯನಗರಕ್ಕೆ ಹತ್ತಿರದ ಒಂದು ಸಣ್ಣ ಕಾಲೇಜಿನವರು ಬಿಬಿಎ ಕೊನೆಯ ವರ್ಷದ ಮಕ್ಕಳಿಗೆ ನಾಲ್ಕು ಮಾತು ಹೇಳಲು ಕರೆದಿದ್ದರು. ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು, ಅವರಲ್ಲಿ ಹನ್ನೆರಡು ಜನ ಹೆಣ್ಣುಮಕ್ಕಳು. ಭಾಷಣ ಮಾಡುವ ಬದಲು ಪ್ರಶ್ನೆ ಕೇಳೋಣವೆಂದು, ದುಡಿಯುವ ಬಂಡವಾಳ ಎಂದರೇನು ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಇಂಗ್ಲಿಷಿನಲ್ಲಿ, ಉಸಿರು ತೆಗೆದುಕೊಳ್ಳದೆ, ನೋಟ್ಸಿನಲ್ಲಿದ್ದ ವ್ಯಾಖ್ಯೆಯನ್ನು ಒಪ್ಪಿಸಿದಳು. ಚಾಲ್ತಿ ಆಸ್ತಿಯಿಂದ ಚಾಲ್ತಿ ಹೊಣೆಯನ್ನು ಕಳೆದರೆ ಉಳಿಯುವುದು ಎಂದು. ಉತ್ತರ ಸರಿಯಾಗಿತ್ತು.

“ಹಂಗಂದ್ರ ಏನವ್ವ?” ಎಂದೆ. ಸುಮ್ಮನಾದಳು.

“ನಿಮ್ಮಪ್ಪ ಏನ್ ಮಾಡ್ತಾರ?”

“ಕಿರಾಣಿ ಅಂಗಡಿ ಅದರಿ, ಊರಾಗ.”

“ಉದ್ರಿ ಎಷ್ಟ್ ನಿಂತದ?”

ಈ ಸಲ ಅವಳು ತಡವರಿಸಲಿಲ್ಲ. “ನಲವತ್ತೆರಡು ಸಾವಿರ ಅದರಿ. ತೊಗರಿ ರಾಶಿ ಆದ ಮ್ಯಾಲ ಬರತಾವು. ಅಲ್ಲೀತನ ಸೇಡಂದ ಹೋಲ್‌ಸೇಲ್ ಅಂಗಡಿಯವರಿಗಿ ಕೊಡಲಿಲ್ಲಂದ್ರ ಅವ್ರು ಮಾಲ್ ಹಾಕಂಗಿಲ್ರಿ. ಅದಕ ಅಪ್ಪ ಸಂಘದಾಗ ಸಾಲ ತಗೀತಾರ.”

“ನೀ ಮೊದಲ ಇಂಗ್ಲಿಷಿನಾಗ ಹೇಳಿದ್ದು ಇದೇ ನೋಡವ್ವ” ಎಂದೆ.

“ಅದು ಇದೇ ಏನ್ರಿ ಸರ್?” ಎಂದಳು. ಅಂಗಡಿಯ ಖಾತೆ ಬರೆಯುವವಳು ಅವಳೇ. ಎರಡು ವರ್ಷದಿಂದ ಮನೆಯಲ್ಲಿ ಮಾಡುತ್ತಿರುವ ಕೆಲಸವೂ ಕಾಲೇಜಿನಲ್ಲಿ ಓದುತ್ತಿರುವ ಪಾಠವೂ ಒಂದೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೆ ಕಾಡಿದ್ದು ಈ ಮಾತು.

ಹೀಗೆ ಬರೆಯುವ ನನಗೂ ಈ ವಿದ್ಯೆ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂದಾಜು ಪಟ್ಟಿ ಮಾಡಿದೆ, ಅಳತೆ ಪುಸ್ತಕ ಬರೆದೆ, ಗುತ್ತಿಗೆದಾರರ ಬಿಲ್ಲುಗಳನ್ನು ಪೈಸೆ ಬಿಡದೆ ತಾಳೆ ನೋಡಿದೆ. ಸರ್ಕಾರದ ಹಣಕ್ಕೆ ಲೆಕ್ಕವಿರುತ್ತದೆ, ಆದರೆ ಬಡ್ಡಿ ಇಂಜಿನಿಯರನ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಆರು ತಿಂಗಳು ತಡವಾದರೆ ‘ಅವಧಿ ವಿಸ್ತರಣೆ’ ಎಂದು ಬರೆದರೆ ಮುಗಿಯಿತು. ನಿವೃತ್ತನಾದ ಮೇಲೆ ಬಂಧುಗಳಿಬ್ಬರ ಜೊತೆ ಸೇರಿ ಒಂದು ಸಣ್ಣ ದಾಲ್ ಮಿಲ್ಲಿಗೆ ಹಣ ಹಾಕಿದೆ. ಯಂತ್ರದ ಮಟ್ಟಿಗೆ ನನ್ನ ಲೆಕ್ಕ ತಪ್ಪಲಿಲ್ಲ. ಮೋಟರಿನ ಅಶ್ವಶಕ್ತಿ, ಜರಡಿಯ ಅಳತೆ, ಒಣಗಿಸುವ ಕಟ್ಟೆ ಎಲ್ಲವೂ ಸರಿಯಾಗಿದ್ದವು. ತಪ್ಪಿದ್ದು ಬೇರೆ ಕಡೆ.

ಲೆಕ್ಕ ಹೀಗಿತ್ತು. ಕ್ವಿಂಟಲಿಗೆ 5,500 ರೂಪಾಯಿಯಂತೆ 500 ಕ್ವಿಂಟಲ್ ತೊಗರಿ ಹಿಡಿದೆವು: 27 ಲಕ್ಷ 50 ಸಾವಿರ. ಹಮಾಲಿ, ಚೀಲ, ವಿದ್ಯುತ್ತು, ಕೂಲಿ, ಸಾಗಣೆ ಸೇರಿ ಒಂದೂವರೆ ಲಕ್ಷ. ಒಟ್ಟು 29 ಲಕ್ಷ. ನೂರು ಕಿಲೋ ತೊಗರಿಗೆ ಎಪ್ಪತ್ತು ಕಿಲೋ ಬ್ಯಾಳಿ ಬಂತು. 350 ಕ್ವಿಂಟಲ್ ಬ್ಯಾಳಿ 8,000ದಂತೆ 28 ಲಕ್ಷ. ಹೊಟ್ಟು, ನುಚ್ಚು 125 ಕ್ವಿಂಟಲ್ 1,600ರಂತೆ ಎರಡು ಲಕ್ಷ. ಒಟ್ಟು 30 ಲಕ್ಷ. ಒಂದು ಲಕ್ಷ ಲಾಭ ಎಂದು ಹಿಗ್ಗಿದೆವು. ಬಡ್ಡಿಯನ್ನು ಯಾರೂ ಸರಿಯಾಗಿ ಹಿಡಿಯಲಿಲ್ಲ. ವರ್ಷಕ್ಕೆ ನೂರಕ್ಕೆ ಹನ್ನೆರಡು ಎಂದರೆ 29 ಲಕ್ಷಕ್ಕೆ ತಿಂಗಳಿಗೆ 29 ಸಾವಿರ. ಮೂರು ತಿಂಗಳಲ್ಲಿ ಹಣ ಕೈಗೆ ಬಂದರೆ ಬಡ್ಡಿ 87 ಸಾವಿರ, ಉಳಿಯುವುದು 13 ಸಾವಿರ. ನಾಲ್ಕನೆಯ ತಿಂಗಳಿಗೆ ಬಡ್ಡಿ 1 ಲಕ್ಷ 16 ಸಾವಿರ. 16 ಸಾವಿರ ನಷ್ಟ. ನಮ್ಮ ಬ್ಯಾಳಿ ಹೋಗಿದ್ದು ಉದ್ರಿಯ ಮೇಲೆ, ಹಣ ಬಂದಿದ್ದು ಐದನೆಯ ತಿಂಗಳಿಗೆ. ಎರಡನೆಯ ಸಲ ತೊಗರಿ ಹಿಡಿಯಲು ಕೈಯಲ್ಲಿ ಹಣವಿರಲಿಲ್ಲ. ಮಿಲ್ಲು ನಿಂತರೂ ಕಾವಲುಗಾರನ ಪಗಾರ, ವಿದ್ಯುತ್ತಿನ ನಿಗದಿತ ಶುಲ್ಕ ನಿಲ್ಲಲಿಲ್ಲ. ಮೂರು ವರ್ಷಕ್ಕೆ ಮಿಲ್ಲನ್ನು ಬಿಟ್ಟುಕೊಟ್ಟೆವು.

ಇದರಲ್ಲಿ ಯಾರೂ ನಮಗೆ ಮೋಸ ಮಾಡಲಿಲ್ಲ. ನಮಗೆ ಒಂದು ಪಾಠ ಗೊತ್ತಿರಲಿಲ್ಲ, ಅಷ್ಟೇ. ಆ ಪಾಠ ಆ ಹತ್ತೊಂಬತ್ತು ಮಕ್ಕಳ ಪಠ್ಯದಲ್ಲಿದೆ. ಬಿಬಿಎ ಉಳಿದವರ ಪಾಲು ಎನ್ನುವವರು ಇದನ್ನು ಯೋಚಿಸಬೇಕು. ತೊಗರಿಯ ಕಣಜ ಎಂದು ಹೆಸರಾದ ನಾಡು ನಮ್ಮದು; ನಮ್ಮ ತೊಗರಿ ಬ್ಯಾಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಬೆಳೆಯುವ ವಿದ್ಯೆ ನಮ್ಮ ರೈತರಿಗೆ ಗೊತ್ತಿದೆ. ಬೆಳೆದದ್ದನ್ನು ಹಿಡಿದಿಟ್ಟು, ಬೀಸಿ, ಕಟ್ಟಿ, ಮಾರಿ, ಹಣವನ್ನು ಸಕಾಲಕ್ಕೆ ತಿರುಗಿ ತರುವ ವಿದ್ಯೆ ನಮ್ಮ ಮನೆಗಳಲ್ಲಿ ಕಡಿಮೆ.

ಇನ್ನು ನಮ್ಮ ಬಾಗಿಲಿನ ಮುಂದಿರುವ ಕಾರ್ಖಾನೆಗಳ ಮಾತು. ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲು ಹತ್ತಿ ಕಿಟಕಿಯ ಬಳಿ ಕುಳಿತರೆ ಸಾಕು. ವಾಡಿಯಲ್ಲಿ ಎಸಿಸಿ, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್, ಮಳಖೇಡ ರೋಡಿನಲ್ಲಿ ಆದಿತ್ಯನಗರದ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ. ಸುಣ್ಣದ ಕಲ್ಲು ನಮ್ಮ ನೆಲದ ಕೆಳಗಿದೆ, ಆದ್ದರಿಂದ ಅವು ಇಲ್ಲಿವೆ. ಈ ಕಾರ್ಖಾನೆಗಳ ಒಡೆತನ ಕಳೆದ ಕೆಲವೇ ವರ್ಷಗಳಲ್ಲಿ ಹೇಗೆ ಬದಲಾಯಿತು ನೋಡಿ. 2022ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಕಂಪನಿಯಿಂದ ಎಸಿಸಿ ಅದಾನಿ ಸಮೂಹದ ಕೈಗೆ ಬಂತು. 2025ರಲ್ಲಿ ಓರಿಯಂಟ್ ಸಿಮೆಂಟನ್ನು ಅದೇ ಸಮೂಹದ ಅಂಬುಜಾ ಕೊಂಡಿತು. ವಾಸವದತ್ತಾದ ಒಡೆಯರಾಗಿದ್ದ ಕೇಸೋರಾಂ ಕಂಪನಿಯ ಸಿಮೆಂಟ್ ವ್ಯವಹಾರ 2025ರಲ್ಲಿ ಅಲ್ಟ್ರಾಟೆಕ್‌ಗೆ ಸೇರಿತು. ರಾಜಶ್ರೀ ಮೊದಲೇ ಅಲ್ಟ್ರಾಟೆಕ್‌ನದು. ಕೇಸೋರಾಂನ 52 ಷೇರುಗಳಿಗೆ ಅಲ್ಟ್ರಾಟೆಕ್‌ನ ಒಂದು ಷೇರು ಎಂಬುದು ಆ ಒಪ್ಪಂದ.

ಐವತ್ತೆರಡಕ್ಕೆ ಒಂದು ಎಂದು ಹೇಗೆ ನಿಗದಿ ಮಾಡುತ್ತಾರೆ? ಒಡೆಯ ಬದಲಾದಾಗ ಕಾರ್ಖಾನೆಯ ಸಾಲ ಯಾರ ತಲೆಯ ಮೇಲೆ ಬರುತ್ತದೆ? ಗುತ್ತಿಗೆ ಕೆಲಸಗಾರನ ಭವಿಷ್ಯ ನಿಧಿ ಏನಾಗುತ್ತದೆ? ಲಾರಿ ಮಾಲೀಕರ ಹಳೆಯ ಬಾಡಿಗೆ ಕರಾರು ಉಳಿಯುತ್ತದೆಯೇ? ಇವು ಬಿಬಿಎ ತರಗತಿಯ ಪ್ರಶ್ನೆಗಳು, ಸೇಡಂನ ಚಹಾ ಅಂಗಡಿಯ ಪ್ರಶ್ನೆಗಳೂ ಹೌದು. ನಾನು ಹೋಗಿದ್ದ ತರಗತಿಯಲ್ಲಿ ವಿಲೀನ, ಸ್ವಾಧೀನದ ಪಾಠ ಮುಗಿದಿತ್ತು. ಉದಾಹರಣೆಗಳು ಅಮೆರಿಕದವು. ಕಿಟಕಿಯಿಂದ ಕಾಣುವ ಚಿಮಣಿಯ ಒಡೆಯ ಯಾರು ಎಂಬ ಮಾತು ಪಾಠದಲ್ಲಿ ಬಂದಿರಲಿಲ್ಲ.

ಆಡಳಿತ ಶಾಸ್ತ್ರ ದೊಡ್ಡ ನಗರದ ಗಾಜಿನ ಕಟ್ಟಡದಲ್ಲಿ ಹುಟ್ಟಿದ್ದಲ್ಲ. ಬಿಬಿಎ ಮೊದಲ ಸೆಮಿಸ್ಟರಿನಲ್ಲೇ ಮಕ್ಕಳು ಬಾಯಿಪಾಠ ಮಾಡುವ ಹದಿನಾಲ್ಕು ತತ್ತ್ವಗಳನ್ನು ಬರೆದ ಹೆನ್ರಿ ಫೇಯೋಲ್ ಒಬ್ಬ ಗಣಿ ಇಂಜಿನಿಯರ್. ಫ್ರಾನ್ಸಿನ ಕಲ್ಲಿದ್ದಲು ಗಣಿ ಕಂಪನಿಯಲ್ಲಿ ಕೆಳಗಿನ ಹುದ್ದೆಗೆ ಸೇರಿ, ಅದೇ ಕಂಪನಿಯ ಮುಖ್ಯಸ್ಥನಾಗಿ, ತಾನು ಕಂಡುಂಡದ್ದನ್ನು 1916ರಲ್ಲಿ ಪ್ರಕಟಿಸಿದ. 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ಪುಸ್ತಕ ಬರೆದ ಫ್ರೆಡರಿಕ್ ಟೇಲರ್ ಅಮೆರಿಕದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಇಂಜಿನಿಯರ್. ಗಣಿಯಲ್ಲಿ, ಕಾರ್ಖಾನೆಯಲ್ಲಿ ಹುಟ್ಟಿದ ಈ ವಿದ್ಯೆಯನ್ನು ಗಣಿಯೂ ಕಾರ್ಖಾನೆಯೂ ಕೂಗಳತೆಯಲ್ಲಿರುವ ಊರಿನ ಮಕ್ಕಳು ಜೆರಾಕ್ಸ್ ನೋಟ್ಸಿನಿಂದ ಕಲಿಯುತ್ತಿದ್ದಾರೆ. ಶಹಾಬಾದದ ಹಳೆಯ ಸಿಮೆಂಟ್ ಕಾರ್ಖಾನೆ ಏಕೆ ಮುಚ್ಚಿತು, ಫರಸಿ ಕಲ್ಲಿನ ವ್ಯಾಪಾರವನ್ನು ಟೈಲ್ಸು ಹೇಗೆ ನುಂಗಿತು ಎಂಬುದೊಂದನ್ನೇ ಆರು ತಿಂಗಳು ಅಭ್ಯಾಸ ಮಾಡಿದರೆ ಮಾರುಕಟ್ಟೆ, ವೆಚ್ಚ, ಕಾರ್ಮಿಕ ಸಂಬಂಧ ಮೂರನ್ನೂ ಕಲಿತಂತಾಗುತ್ತದೆ.

ತಪ್ಪು ಮಕ್ಕಳದಲ್ಲ. ಬಹುಮಟ್ಟಿಗೆ ಅಧ್ಯಾಪಕರದೂ ಅಲ್ಲ. ಸಣ್ಣ ಕಾಲೇಜುಗಳಲ್ಲಿ ಪಾಠ ಮಾಡುವವರು ಹೆಚ್ಚಾಗಿ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ತಿಳಿಯದವರು ಕಾರ್ಖಾನೆಯ ಬಾಗಿಲು ತಟ್ಟಿ ಮಕ್ಕಳಿಗೆ ಅನುಮತಿ ಕೇಳಲಿ ಎಂದು ನಿರೀಕ್ಷಿಸುವುದು ಹೇಗೆ? ಪಠ್ಯಕ್ರಮವೂ ನಿಂತ ನೆಲದಲ್ಲಿಲ್ಲ. ಹಿಂದೆ ಬಿಬಿಎಂ ಎನ್ನುತ್ತಿದ್ದರು, ಬಿಬಿಎ ಆಯಿತು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಅದೇ ವರ್ಷದಿಂದ ಬಿಬಿಎ, ಬಿಸಿಎ ಪದವಿಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆಯ ಕೆಳಗೆ ಬಂದವು. ಕಟ್ಟಡ, ಗ್ರಂಥಾಲಯ, ಅಧ್ಯಾಪಕರ ಅರ್ಹತೆ ಎಲ್ಲವನ್ನೂ ಇನ್ನು ತೋರಿಸಬೇಕು. ಇದು ಒಳ್ಳೆಯದೇ. ಆದರೆ ಅನುಮೋದನೆಯ ಕಾಗದಕ್ಕಾಗಿ ಓಡಾಡಿ ಬೇಸತ್ತು, ಹತ್ತೊಂಬತ್ತು ಮಕ್ಕಳಿಗಾಗಿ ಇಷ್ಟೆಲ್ಲ ಏಕೆ ಎಂದು ಆಡಳಿತ ಮಂಡಳಿಗಳು ತರಗತಿಯನ್ನೇ ಮುಚ್ಚಿಬಿಟ್ಟರೆ, ಆ ಹನ್ನೆರಡು ಹೆಣ್ಣುಮಕ್ಕಳಂಥವರು ಕಲಬುರಗಿಯ ಬಸ್ಸು ಹತ್ತುವುದಿಲ್ಲ. ಮನೆಯಲ್ಲಿ ಕೂರುತ್ತಾರೆ, ಮುಂದಿನ ವೈಶಾಖಕ್ಕೆ ಮದುವೆಯಾಗುತ್ತಾರೆ.

ಇನ್ನು ಭಾಷೆಯ ಮಾತು. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಮೊದಲ ದಿನದಿಂದ ಇಂಗ್ಲಿಷ್ ನೋಟ್ಸು ಬರೆಸುತ್ತೇವೆ. ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ. ಕಾರ್ಖಾನೆಯ ಕಚೇರಿಯಲ್ಲಿ ಅದು ಬೇಕೇ ಬೇಕು. ಆದರೆ ಕ್ರಮ ತಿರುಗುಮುರುಗಾಗಿದೆ. ಕೀರ್ದಿ, ಖಾತಾವಣಿ, ಉದ್ರಿ, ಜಮಾ, ಖರ್ಚು, ಅಡತಿ, ದಲಾಲಿ ಎಂಬ ಮಾತುಗಳು ಗಂಜಿನಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿವೆ. ಮೊದಲು ಈ ಮಾತುಗಳಲ್ಲಿ ವಿಷಯ ತಿಳಿಯಲಿ, ಆಮೇಲೆ ಇಂಗ್ಲಿಷಿನ ಹೆಸರು ಕಲಿಯಲಿ. ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗಲೇ, ಒಂಬತ್ತನೆಯ ಶತಮಾನದಲ್ಲಿ, ಕನ್ನಡದಲ್ಲಿ ಶಾಸ್ತ್ರಗ್ರಂಥ ಬರೆದರು. ಅದೇ ಕಾಗಿಣಾ ದಂಡೆಯಲ್ಲಿ ಇಂದು ಲಾಭ ನಷ್ಟದ ಲೆಕ್ಕವನ್ನು ಕನ್ನಡದಲ್ಲಿ ತಿಳಿಸಿ ಹೇಳಲು ನಾವು ಹಿಂಜರಿಯುತ್ತೇವೆ.

ಓದಿದ ಮೇಲೆ ಕೆಲಸ ಎಲ್ಲಿ? ತಂದೆತಾಯಿಗಳ ನಿಜವಾದ ಪ್ರಶ್ನೆ ಇದು. 371(ಜೆ) ನಮಗೆ ದೊಡ್ಡ ಆಸರೆ. ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸಿ ದರ್ಜೆಗೆ ನೂರಕ್ಕೆ 80, ಡಿ ದರ್ಜೆಗೆ 85 ಸ್ಥಳೀಯರಿಗೆ. ಆದರೆ ಅದು ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಹೋಗುವುದಿಲ್ಲ. 2024ರ ಜುಲೈಯಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಎಂಬ ಮಸೂದೆಯನ್ನು ರಾಜ್ಯ ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಅದು ಕಾನೂನಾಗಬೇಕೆಂದು ಹಲವರು ಹೋರಾಡುತ್ತಿದ್ದಾರೆ. ಆಗಲಿ. ಆದರೆ ನಾಳೆಯೇ ಅದು ಕಾನೂನಾದರೆ ಆ ಐವತ್ತು ಕುರ್ಚಿಗಳಲ್ಲಿ ಕೂರಲು ನಾವು ಯಾರನ್ನು ಸಿದ್ಧಮಾಡಿದ್ದೇವೆ?

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಈಗಿರುವ ಮೂರು ದಾರಿಗಳನ್ನು ಹೇಳುತ್ತೇನೆ.

ಮೊದಲನೆಯದು, 1961ರ ಅಪ್ರೆಂಟಿಸ್ ಕಾಯಿದೆ. ಮೂವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿಯೊಂದು ಸಂಸ್ಥೆಯೂ ತನ್ನ ಸಿಬ್ಬಂದಿಯ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆ ಕೆಲಸಗಾರರೂ ಆ ಎಣಿಕೆಯಲ್ಲಿ ಸೇರುತ್ತಾರೆ. ಇದು ಐಟಿಐ ಹುಡುಗರಿಗೆ ಮಾತ್ರ ಎಂದು ನಾವು ತಿಳಿದಿದ್ದೇವೆ. 2014ರ ತಿದ್ದುಪಡಿಯ ನಂತರ ಬಿ.ಎ., ಬಿ.ಕಾಂ., ಬಿಬಿಎ ಪದವೀಧರರಿಗೂ ಅವಕಾಶವಿದೆ. ಕಾರ್ಖಾನೆಯ ಸ್ಟೋರ್ಸ್, ಲೆಕ್ಕಪತ್ರ, ಸಾಗಣೆ ವಿಭಾಗಗಳಲ್ಲಿ ಒಂದು ವರ್ಷ ಕಲಿಯಬಹುದು, ಭತ್ಯೆಯೂ ಸಿಗುತ್ತದೆ. ಯುವನಿಧಿಯ ಮೂರು ಸಾವಿರ ಎಣಿಸುತ್ತ ಮನೆಯಲ್ಲಿ ಕೂರುವುದಕ್ಕಿಂತ ಇದು ಮೇಲು. ಕಾಲೇಜಿನ ಪ್ರಾಚಾರ್ಯರು ಹೆಸರು ನೋಂದಾಯಿಸಿ, ಕಾರ್ಖಾನೆಗೆ ಪತ್ರ ಬರೆದು, ಉತ್ತರ ಬರುವವರೆಗೆ ಬೆನ್ನು ಹತ್ತಬೇಕು.

ಎರಡನೆಯದು, ಜಿಲ್ಲಾ ಖನಿಜ ನಿಧಿ. ಇದರ ಲೆಕ್ಕ ನಮ್ಮವರಿಗೆ ಗೊತ್ತಿಲ್ಲ, ಗೊತ್ತಿರಬೇಕು. ಒಂದು ಟನ್ ಕ್ಲಿಂಕರ್ ಸುಡಲು ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಕಲ್ಲಿಗೆ ಟನ್ನಿಗೆ 80 ರೂಪಾಯಿ ರಾಜಧನ ಎಂದು ಹಿಡಿದರೆ 120 ರೂಪಾಯಿ. ಹಳೆಯ ಗಣಿ ಗುತ್ತಿಗೆಗಳಲ್ಲಿ ಅದರ ನೂರಕ್ಕೆ ಮೂವತ್ತರಷ್ಟನ್ನು, ಅಂದರೆ 36 ರೂಪಾಯಿಯನ್ನು, ಹೆಚ್ಚುವರಿಯಾಗಿ ಜಿಲ್ಲಾ ಖನಿಜ ನಿಧಿಗೆ ಕಟ್ಟಬೇಕು. ಹತ್ತು ಲಕ್ಷ ಟನ್ ಕ್ಲಿಂಕರಿಗೆ ಮೂರು ಕೋಟಿ ಅರವತ್ತು ಲಕ್ಷ. ಗಣಿಬಾಧಿತ ಊರುಗಳ ನೀರು, ಆರೋಗ್ಯ, ಶಿಕ್ಷಣ, ಕೌಶಲ ತರಬೇತಿಗೆ ಈ ಹಣ ಮೊದಲು ಹೋಗಬೇಕೆಂಬುದು ನಿಯಮ. ಸಣ್ಣ ಕಾಲೇಜಿನ ಗ್ರಂಥಾಲಯಕ್ಕೆ, ಹೆಣ್ಣುಮಕ್ಕಳ ಬಸ್ಸಿಗೆ ಬೇಡಿಕೆ ಇಡಲು ನಮಗೆ ಹಕ್ಕಿದೆ. ಇಡಲು ಅಂದಾಜು ಪಟ್ಟಿ ಬೇಕು, ಪ್ರಸ್ತಾವನೆ ಬೇಕು. ಅದನ್ನು ಬಿಬಿಎ ಮಕ್ಕಳೇ ತಯಾರಿಸಲಿ. ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದಿದೆ?

ಮೂರನೆಯದು, ಗಂಜಿನ ಅಡತಿ ಅಂಗಡಿ, ದಾಲ್ ಮಿಲ್ಲು, ಫರಸಿ ಪಾಲಿಶ್ ಘಟಕ, ಸಹಕಾರ ಸಂಘ, ಸ್ತ್ರೀಶಕ್ತಿ ಗುಂಪು. ಪ್ರತಿ ವಿದ್ಯಾರ್ಥಿಯೂ ಇವುಗಳಲ್ಲಿ ಒಂದರ ಒಂದು ವರ್ಷದ ಲೆಕ್ಕವನ್ನು ಮಾಲೀಕರ ಒಪ್ಪಿಗೆಯಿಂದ ಬರೆದು ತೋರಿಸಬೇಕು. ಈಗ ಪ್ರಾಜೆಕ್ಟ್ ವರದಿಗಳು ಜೆರಾಕ್ಸ್ ಅಂಗಡಿಯಲ್ಲಿ ಹೆಸರು ಬದಲಿಸಿ ಸಿಗುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಸುಳ್ಳು ಲೆಕ್ಕ ಬರೆಯುವುದನ್ನು ಪದವಿಯ ಹೊತ್ತಿನಲ್ಲೇ ಕಲಿಸಿ, ಮುಂದೆ ಪ್ರಾಮಾಣಿಕರಾಗಿರಿ ಎಂದರೆ ಯಾರು ಕೇಳುತ್ತಾರೆ?

ಕೆಲವು ಹಿರಿಯರು ಕೇಳುವ ಇನ್ನೊಂದು ಪ್ರಶ್ನೆಯಿದೆ. ಈ ವಿದ್ಯೆ ದುರಾಸೆಯನ್ನು ಕಲಿಸುವುದಿಲ್ಲವೇ? ಕೂಲಿ ಕಡಿಮೆ ಮಾಡುವುದನ್ನು, ಜನರನ್ನು ತೆಗೆದುಹಾಕುವುದನ್ನು ಹೇಳಿಕೊಡುವ ಶಾಸ್ತ್ರವಲ್ಲವೇ ಇದು? ಪ್ರಶ್ನೆ ನ್ಯಾಯವಾದದ್ದು. ಟೇಲರನ ಮೇಲೆ ಅವನ ಕಾಲದ ಕಾರ್ಮಿಕರು ಇದೇ ದೂರು ಹೇಳಿದರು. ಆದರೆ ಕತ್ತಿ ಹರಿತವೆಂದು ಅಡುಗೆಮನೆಯಿಂದ ಎಸೆಯುವುದಿಲ್ಲ. ಗುತ್ತಿಗೆ ಕೆಲಸಗಾರನ ಹಾಜರಿ ಪಟ್ಟಿಯಲ್ಲಿ ಎಷ್ಟು ದಿನ ಬರೆದಿದ್ದಾರೆ, ಭವಿಷ್ಯ ನಿಧಿಗೆ ಎಷ್ಟು ಕಟ್ಟಿದ್ದಾರೆ ಎಂದು ಓದಬಲ್ಲವರು ಆ ಕೇರಿಯಲ್ಲೇ ಒಬ್ಬರಿದ್ದರೆ ಅವರಿಗೆ ಮೋಸ ಮಾಡುವುದು ಕಷ್ಟ. ಲೆಕ್ಕ ಬಾರದ ಬಡವನೇ ಹೆಚ್ಚು ಕಳೆದುಕೊಳ್ಳುತ್ತಾನೆ.

ಈಗ ಮಠಗಳಿಗೆ ನನ್ನ ಬಿನ್ನಹ. ನಮ್ಮ ನಾಡಿನ ಎಷ್ಟೋ ಕಾಲೇಜುಗಳನ್ನು ನಡೆಸುತ್ತಿರುವುದು ಮಠಗಳು, ಅವುಗಳ ಸಂಘ ಸಂಸ್ಥೆಗಳು. ಅನ್ನ, ಅಕ್ಷರ ಎರಡನ್ನೂ ಕೊಟ್ಟ ಆ ಋಣ ದೊಡ್ಡದು. ನಾನೂ ಮಠದ ಪ್ರಸಾದ ನಿಲಯದಲ್ಲಿದ್ದು ಓದಿದವನು. ಆ ಋಣದ ಸಲಿಗೆಯಿಂದಲೇ ಕೇಳುತ್ತೇನೆ. ಕಾಲೇಜಿನಲ್ಲಿ ಬಿಬಿಎ ಓದುವ ನಿಮ್ಮದೇ ಮಕ್ಕಳ ಮುಂದೆ ಮಠದ ಲೆಕ್ಕವನ್ನು ಬಿಚ್ಚಿಡಿ.

ಒಂದು ಜಾತ್ರೆಯನ್ನೇ ತೆಗೆದುಕೊಳ್ಳಿ. ಐದು ದಿನ, ಸಾವಿರಾರು ಜನ. ಅಕ್ಕಿ, ಗೋಧಿ, ಬ್ಯಾಳಿ, ಬೆಲ್ಲ, ಎಣ್ಣೆ, ಉರುವಲು, ನೀರಿನ ಟ್ಯಾಂಕರು, ಪೆಂಡಾಲು, ದೀಪ, ಧ್ವನಿವರ್ಧಕ, ಪಾರ್ಕಿಂಗು. ಎಷ್ಟು ಕಾಣಿಕೆ ಬಂತು, ಎಷ್ಟು ಧಾನ್ಯ ಬಂತು, ಎಷ್ಟು ಉಳಿಯಿತು, ಎಷ್ಟು ಕೆಟ್ಟಿತು? ದಾಸೋಹದಲ್ಲಿ ಒಬ್ಬರ ಊಟಕ್ಕೆ ಎಷ್ಟು ವೆಚ್ಚ ಬಿತ್ತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಷ್ಟರಲ್ಲಿ ಖರೀದಿ, ದಾಸ್ತಾನು, ಜನಬಲ, ಹಣದ ಹರಿವು ನಾಲ್ಕೂ ಪಾಠಗಳನ್ನು ಮಗು ಕಲಿತುಬಿಡುತ್ತದೆ. ಫೇಯೋಲನನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮಠದ ಲೆಕ್ಕವನ್ನು ಹುಡುಗರಿಗೆ ತೋರಿಸುವುದೇ, ಭಕ್ತರ ಶ್ರದ್ಧೆ ಏನಾಗಬೇಕು ಎಂದು ಕೆಲವರು ಹುಬ್ಬೇರಿಸುವುದು ನನಗೆ ಗೊತ್ತು. ಅವರಿಗೆ ಎರಡು ಮಾತು. ತೆರಿಗೆ ವಿನಾಯಿತಿ ಪಡೆದ ಧರ್ಮಸಂಸ್ಥೆಯ ಆದಾಯ ಮಿತಿ ದಾಟಿದರೆ ಲೆಕ್ಕ ತಪಾಸಣೆ ಕಡ್ಡಾಯ. ಲೆಕ್ಕಪರಿಶೋಧಕರು ನೋಡುವುದನ್ನು ನಮ್ಮ ಮಕ್ಕಳು ನೋಡಬಾರದೇ? ಎರಡನೆಯದು, ನಮ್ಮ ಪರಂಪರೆಯ ಮಾತು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಲೆಕ್ಕದ ಮೇಲೆ ಅನುಮಾನ ಬಂದಾಗ ಅವರು ಪರೀಕ್ಷೆಗೆ ಹಿಂಜರಿಯಲಿಲ್ಲ ಎಂಬ ಕಥೆಯನ್ನು ನಾವು ಪುರಾಣದಲ್ಲಿ ಕೇಳುತ್ತಲೇ ಬಂದಿದ್ದೇವೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ತಿರುಗಿ ಚೆಲ್ಲಿ ಬರಲು ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ಮನೆಗೆ ಎಷ್ಟು ಬೇಕು, ಎಷ್ಟು ಬಂತು ಎಂಬ ಲೆಕ್ಕ ಆ ತಾಯಿಗೆ ಇತ್ತು. ಇದ್ದುದರಿಂದಲೇ ಹೆಚ್ಚಾದದ್ದು ಕಣ್ಣಿಗೆ ಬಿತ್ತು. ಕಾಯಕ, ದಾಸೋಹ ಎಂದು ವೇದಿಕೆಯ ಮೇಲೆ ಹೇಳುವ ನಾವು ಲೆಕ್ಕ ಕೇಳಿದವರನ್ನು ಧರ್ಮದ್ರೋಹಿ ಎನ್ನುವುದು ಯಾವ ನ್ಯಾಯ?

ಹಾಗೆಂದು ಎಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ಮೊದಲ ವರ್ಷ ಜಾತ್ರೆಯ ದಾಸೋಹದ ಲೆಕ್ಕ ಮಾತ್ರ ಸಾಕು. ಒಬ್ಬ ಅಧ್ಯಾಪಕರು, ಐದಾರು ವಿದ್ಯಾರ್ಥಿಗಳು, ಮಠದ ಒಬ್ಬ ಹಿರಿಯರು ಕೂಡಿ ಕೆಲಸ ಮಾಡಲಿ. ಬಂದ ಫಲಿತಾಂಶವನ್ನು ಎರಡು ಪುಟದಲ್ಲಿ ಬರೆದು ಮಠದ ಗೋಡೆಗೆ ಹಚ್ಚಲಿ. ಶ್ರದ್ಧೆ ಕಡಿಮೆಯಾಗುತ್ತದೆಯೋ ಹೆಚ್ಚಾಗುತ್ತದೆಯೋ ಮುಂದಿನ ವರ್ಷದ ಕಾಣಿಕೆ ಹೇಳುತ್ತದೆ.

ಇತರರಿಗೆ ಹೇಳುವ ಮೊದಲು ನಾವು ಮಾಡಿ ತೋರಿಸಬೇಕು. ಈ ಪತ್ರಿಕೆ ಮಠಗಳ ಮೂಲಕ ನಿಮ್ಮ ಕೈ ಸೇರುತ್ತದೆ. ಚಂದಾ ಎಷ್ಟು ಬರುತ್ತದೆ, ಕಾಗದಕ್ಕೆ, ಮುದ್ರಣಕ್ಕೆ, ಅಂಚೆಗೆ ಎಷ್ಟು ಹೋಗುತ್ತದೆ, ಯಾವ ದಾನಿಗಳ ಹಣದಿಂದ ಕೊರತೆ ತುಂಬುತ್ತದೆ ಎಂದು ನಾವೂ ಇಂದಿನವರೆಗೆ ಓದುಗರಿಗೆ ತಿಳಿಸಿಲ್ಲ. ಅದು ನಮ್ಮ ತಪ್ಪು. ಆ ಹತ್ತೊಂಬತ್ತು ಮಕ್ಕಳ ಕಾಲೇಜಿಗೆ ಪತ್ರ ಬರೆದು, ಕಳೆದ ಮೂರು ವರ್ಷದ ನಮ್ಮ ರಸೀದಿ, ಬಿಲ್ಲುಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಕಳಿಸಲು ನಿಶ್ಚಯಿಸಿದ್ದೇವೆ. ಈ ವರ್ಷ ಕೊನೆಯ ತರಗತಿಗೆ ಬಂದ ಮಕ್ಕಳು ಅದನ್ನು ಜೋಡಿಸಿ ಕೀರ್ದಿ, ಖಾತಾವಣಿ ಬರೆಯಲಿದ್ದಾರೆ. ಅವರು ಬರೆದುಕೊಟ್ಟದ್ದನ್ನು, ನಮಗೆ ಮುಜುಗರವಾಗುವ ಸಾಲುಗಳಿದ್ದರೂ ಬಿಡದೆ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

ಮಗಳನ್ನು ಬಿಬಿಎಗೆ ಹಚ್ಚಲೇ ಎಂದು ಕೇಳುವ ತಂದೆಗೆ ನನ್ನ ಉತ್ತರ ಇದು. ಹಚ್ಚ್ರಿ. ಆದರೆ ಫೀ ಕಟ್ಟಿ ಸುಮ್ಮನಿರಬೇಡ್ರಿ. ಸಂಜೆ ಮನೆಗೆ ಬಂದಾಗ ಅಂಗಡಿಯ ಪುಸ್ತಕ, ಹೊಲದ ಖರ್ಚು, ಸಂಘದ ಪಾಸ್‌ಬುಕ್ಕು ಅವಳ ಮುಂದೆ ಇಡ್ರಿ. ಅವಳು ಕೇಳುವ ಪ್ರಶ್ನೆಗೆ ಸಿಟ್ಟು ಮಾಡದೆ ಉತ್ತರ ಹೇಳ್ರಿ. ಮಠದ ಹಿರಿಯರಿಗೂ ನಮ್ಮ ಬಿನ್ನಹ ಇಷ್ಟೇ.